ಹಕ್ಕಿ ಓಡಿಸುವವರ ಊರಿಗೆ ಹಕ್ಕಿ ನೋಡುವವರು

ನಮ್ಮೂರ ಕೆರೆಗೆ ಹಕ್ಕಿ ನೋಡುವವರು ಬರತೊಡಗಿದ ಮೇಲೆ, ಚಳಿಗಾಲದಲ್ಲಿ ನಾನು ನಗದೆ ಒಲೆ ಆರಿಸಿದ ದಿನವೇ ಇಲ್ಲ. ಒಂದು ಪ್ರಸಂಗ ಮುಗಿಯಿತು ಎಂದು ಹೊಟ್ಟೆ ಹಿಡಿದುಕೊಂಡು ಕೂತರೆ, ಇನ್ನೊಂದು ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತದೆ.

ನನ್ನದು ರೊಟ್ಟಿ ಖಾನಾವಳಿ. ಮಸ್ಕಿಯಿಂದ ಬಳಗಾನೂರಿಗೆ ಹೋಗುವ ಹಳೇ ದಾರಿಯಲ್ಲಿ, ಕೆರೆ ದಂಡೆಗೆ ಬೆನ್ನು ಹಚ್ಚಿ ನಿಂತ ತಗಡಿನ ಮನೆ. ಮೊದಲು ಬಸ್ಸು ಅದರ ಮುಂದೆಯೇ ನಿಲ್ಲುತ್ತಿತ್ತು. ಕಂಡಕ್ಟರು ಸೀಟಿ ಊದುವುದನ್ನು ಬಿಟ್ಟು ನನ್ನ ಪುಂಡಿಪಲ್ಯ ಉಣ್ಣುತ್ತಾ ಕೂಡುತ್ತಿದ್ದ. ಆಮೇಲೆ ಊರಾಚೆ ಹೊಸ ರಸ್ತೆ ಆಯಿತು, ಬಸ್ಸು ಅತ್ತ ಹೋಯಿತು, ಗಿರಾಕಿಗಳೂ ಅದರ ಹಿಂದೆ ಹೋದರು. ಕಾಲುವೆ ಕಾಯುವ ಇಬ್ಬರು ಮಾತ್ರ ಉಳಿದರು. ಈ ಒಂದು ಚಳಿಗಾಲ ನೋಡುವುದು, ಆಗದಿದ್ದರೆ ಖಾನಾವಳಿಗೆ ಬೀಗ ಹಾಕಿ ಮತ್ತೆ ನೆಲ್ಲು ನಾಟಿಗೆ ಹೋಗುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಮನಸ್ಸು ಒಪ್ಪಿದರೂ ಮೊಣಕಾಲು ಒಪ್ಪಲಿಲ್ಲ. ಕೆಸರಿನಲ್ಲಿ ಬಗ್ಗಿ ನಿಂತ ಹತ್ತು ವರ್ಷ ಅದಕ್ಕೆ ಇನ್ನೂ ನೆನಪಿತ್ತು.

ಅಂಥದರಲ್ಲಿ ಬೆಂಗಳೂರಿನ ಸಾಹೇಬರೊಬ್ಬರು ದಾರಿ ತಪ್ಪಿ ಬಂದರು. ನಿವೃತ್ತರು. ಬಿಳಿ ಮೀಸೆ, ಕೊರಳಲ್ಲಿ ದುರ್ಬೀನು. ರೊಟ್ಟಿ ಮುರಿಯುತ್ತಾ ಕೆರೆ ಕಡೆ ನೋಡಿದವರು ತುತ್ತು ಬಾಯಿಗಿಡುವುದನ್ನೇ ಮರೆತರು. ತಲೆ ಮೇಲೆ ಎರಡು ಕರೀ ಪಟ್ಟೆ ಇರುವ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಕೂತಿದ್ದವು.

"ಇವು ಹಿಮಾಲಯ ದಾಟಿ ಬರ್ತವೆ, ಗೊತ್ತಾ?" ಎಂದರು.

"ಅದು ಗೊತ್ತಿಲ್ರೀ. ಬಂದು ನಮ್ಮ ನೆಲ್ಲು ತಿಂತಾವ, ಅದು ಗೊತ್ತೈತಿ" ಎಂದೆ.

ಹೋಗುವಾಗ ಒಂದು ಮಾತು ಕೊಟ್ಟು ಹೋದರು. ತಮ್ಮ ತಂಡವನ್ನು ಕರೆದುಕೊಂಡು ಬರುತ್ತಾರಂತೆ. ಹಕ್ಕಿ ಚೆನ್ನಾಗಿ ಕಂಡರೆ ಪ್ರತಿ ಚಳಿಗಾಲ ಬರುತ್ತಾರಂತೆ, ಊಟ ತಿಂಡಿ ಎಲ್ಲ ನನ್ನಲ್ಲಿಯೇ ಅಂತೆ. ನಾನು ಖಾನಾವಳಿಗೆಂದು ತಂದಿಟ್ಟಿದ್ದ ಬೀಗವನ್ನು ಅಟ್ಟದ ಮೇಲೆ ಎಸೆದೆ. ಹಕ್ಕಿ ಕಾಣುವುದರಲ್ಲಿ ಏನು ಕಷ್ಟ, ಕಣ್ಣು ತೆರೆದರೆ ಹಕ್ಕಿ ಎಂದುಕೊಂಡಿದ್ದೆ.

ಹಲಗಿ ಸ್ವಾಗತ

ಹನ್ನೆರಡು ಮಂದಿ ಬರುತ್ತಾರೆ ಎಂಬ ಸುದ್ದಿ ತಿಳಿದದ್ದೇ ತಡ, ಊರ ಗೌಡರು ಕಟ್ಟೆಯ ಮೇಲೆ ಸಭೆ ಕರೆದರು. ನಮ್ಮ ಕಡೆ ಅತಿಥಿ ಬಂದರೆ ಸುಮ್ಮನೆ ಒಳಗೆ ಕರೆದು ಕೂಡಿಸುವ ಪದ್ಧತಿ ಇಲ್ಲ. ಬಂದದ್ದು ಸುತ್ತಲಿನ ಮೂರು ಊರಿಗಾದರೂ ಕೇಳಬೇಕು.

ಬೆಳಗಿನ ಆರಕ್ಕೆ ಗಾಡಿ ಕೆರೆ ದಂಡೆಗೆ ಬಂದು ನಿಂತಿತು. ಎಂಟು ಹಲಗಿ ವಾದ್ಯಗಳಿಗೆ ಒಂದೇ ಸಲ ಪೆಟ್ಟು ಬಿತ್ತು. ಅದರ ಬೆನ್ನಿಗೆ ಸರಪಟಾಕಿ. ನಾನೇ ಆರತಿ ತಟ್ಟೆ ಹಿಡಿದು ಮುಂದೆ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಕೆರೆಯ ಮೇಲಿದ್ದ ಹೆಬ್ಬಾತು, ಕೊಕ್ಕರೆ, ನೀರುಕೋಳಿ ಎಲ್ಲವೂ ಎದ್ದು, ಆಕಾಶ ಒಂದು ಗಳಿಗೆ ಕಪ್ಪಾಗಿ, ಆಮೇಲೆ ಸ್ವಚ್ಛ ಖಾಲಿಯಾಯಿತು.

ಸಾಹೇಬರು ಎರಡೂ ಕೈ ಎತ್ತಿ ನಿಲ್ಲಿಸಿ, ನಿಲ್ಲಿಸಿ ಎಂದು ಬೀಸಿದರು. ಹಲಗಿಯವರು ಅದನ್ನು ನೋಡಿ, ಸಾಹೇಬರಿಗೆ ಕುಣಿಯುವ ಹುರುಪು ಬಂದಿದೆ ಎಂದುಕೊಂಡು ಇನ್ನೂ ಜೋರು ಮಾಡಿದರು. ಹನ್ನೆರಡು ಮಂದಿಗೂ ಶಾಲು, ಹಾರ, ಲಿಂಬೆಹಣ್ಣು ಆಯಿತು. ಗೌಡರ ಭಾಷಣ ಬಿಸಿಲು ಏರುವ ತನಕ ನಡೆಯಿತು. ಅಷ್ಟರಲ್ಲಿ ಒಂದು ಕಾಗೆ ಬಂದು ಮೈಕಿನ ತಂತಿಯ ಮೇಲೆ ಕೂತಿತು. ಹನ್ನೆರಡು ಕ್ಯಾಮೆರಾ ಅದರ ಕಡೆ ತಿರುಗಿದವು.

ಸಾಹೇಬರ ಮುಖ ನೋಡಿ ನಾನು ಆರತಿ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಗೌಡರಿಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ.

"ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ" ಎಂದರು. "ಮುಂದಿನ ಸಲ ನಿಮ್ಮ ಜೋಡಿ ಹಕ್ಕಿಗಳಿಗೂ ಸನ್ಮಾನ ಇಟ್ಕೊಳ್ಳೋಣು. ಆವಾಗ ಹ್ಯಾಂಗ ಎದ್ದು ಹೋಗ್ತಾವ ನೋಡೂಣು."

ನಮ್ಮ ಮನೆಯವರ ಪ್ಯಾಂಟು

ಅಷ್ಟಾದರೂ ಸಾಹೇಬರು ತಂಡ ಕಟ್ಟಿಕೊಂಡು ಮತ್ತೆ ಬಂದರು, ಈ ಸಲ ಯಾರಿಗೂ ಹೇಳದೆ. ಊರಿನ ಹಕ್ಕಿಗಳ ಬಗ್ಗೆ ತಿಳಿದ ಒಬ್ಬ ಗೈಡ್ ಬೇಕು ಎಂದರು. ನಾನು ನಮ್ಮ ಮನೆಯವರನ್ನು ಮುಂದೆ ತಳ್ಳಿದೆ.

ನಮ್ಮ ಮನೆಯವರಷ್ಟು ಹಕ್ಕಿ ಬಲ್ಲವರು ನಮ್ಮ ಸೀಮೆಯಲ್ಲೇ ಇಲ್ಲ. ಇಪ್ಪತ್ತು ವರ್ಷದಿಂದ ಅವರ ಕೆಲಸ ಅದೇ: ಕೆರೆ ಅಂಚಿನ ಗದ್ದೆಗಳಲ್ಲಿ ಕವಣೆ ಹಿಡಿದು ಹಕ್ಕಿ ಓಡಿಸುವುದು. ಯಾವ ಹಕ್ಕಿ ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ, ಯಾವ ಮೋಸ ಮಾಡಿ ಇಳಿಯುತ್ತದೆ ಎಲ್ಲ ಬಾಯಿಪಾಠ. ತಂಡದವರು ಬೆರಗಾದರು. ಆದರೆ ನಮ್ಮ ಮನೆಯವರ ವಿವರಣೆಯೇ ಬೇರೆ ಥರ.

"ಈ ಗಿಣಿ ಐತಲ್ರೀ, ಅರ್ಧ ತೆನಿ ತಿಂದು ಅರ್ಧ ಉದುರಸ್ತೈತಿ. ಹಲ್ಕಟ್. ಆ ಗುಬ್ಬಿ ಬಡಪಾಯಿ, ಹೊಟ್ಟಿಗೆ ಎಷ್ಟು ಬೇಕೋ ಅಷ್ಟ. ಈ ಹೆಬ್ಬಾತು ನೋಡ್ರಿ, ತಿನ್ನೂದಕ್ಕಿಂತ ತುಳಿಯೂದ ಜಾಸ್ತಿ."

ಎಲ್ಲರೂ ಪುಸ್ತಕದಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಗದ್ದೆಯ ಅಂಚಿಗೆ ಹೆಬ್ಬಾತುಗಳ ಗುಂಪೊಂದು ಇಳಿಯಿತು. ಎಲ್ಲರೂ ಉಸಿರು ಬಿಗಿಹಿಡಿದು ಬಗ್ಗಿದರು. ನಮ್ಮ ಮನೆಯವರ ಬಾಯಿಂದ ಇಪ್ಪತ್ತು ವರ್ಷದ ಕೂಗು ತಾನಾಗಿಯೇ ಬಂತು: "ಹೊಯ್ ಹೊಯ್ ಹೊಯ್ ಹಾ!" ಗುಂಪಿಗೆ ಗುಂಪೇ ಹಾರಿತು. ಆಮೇಲೆ ಅವರೇ ನಾಲಿಗೆ ಕಚ್ಚಿಕೊಂಡರು.

ಮರುದಿನ ನಾನು ಅವರ ಬಾಯಿ ತುಂಬ ಎಲೆ ಅಡಿಕೆ ತುರುಕಿ ಕಳಿಸಿದೆ. ಕೂಗು ಬರಲಿಲ್ಲ. ಆದರೆ ಹಕ್ಕಿ ಕಂಡ ಕೂಡಲೇ ಬಲಗೈ ತಾನಾಗಿಯೇ ಮೇಲೆದ್ದು, ಕವಣೆ ಇಲ್ಲದಿದ್ದರೂ ಕವಣೆ ತಿರುವುವ ಹಾಗೆ ತಿರುಗಿತು. ಹಕ್ಕಿಗಳಿಗೆ ಆ ಕೈಯ ಪರಿಚಯ ಚೆನ್ನಾಗಿತ್ತು.

"ಬಾಯಿ ಕಟ್ಟಬಹುದು, ಈ ಕೈ ಏನ್ ಮಾಡ್ಲಿ?" ಎಂದು ಅಳುಮುಖ ಮಾಡಿದರು.

ಎರಡೂ ಕೈ ಜೇಬಿನಲ್ಲಿ ಇಟ್ಟುಕೊಂಡೇ ನಡೆಯಬೇಕು ಎಂದು ಸಾಹೇಬರು ಉಪಾಯ ಹೇಳಿದರು. ಧೋತರಕ್ಕೆ ಜೇಬು ಎಲ್ಲಿಂದ ಬರಬೇಕು? ಸಿಂಧನೂರಿಗೆ ಕರೆದುಕೊಂಡು ಹೋಗಿ, ದೊಡ್ಡ ದೊಡ್ಡ ಜೇಬಿಡಿಸಿ ಪ್ಯಾಂಟು ಹೊಲಿಸಿದೆವು. ಹಕ್ಕಿ ನೋಡುವ ಪ್ರವಾಸೋದ್ಯಮದಿಂದ ಹಳ್ಳಿಯ ಆರ್ಥಿಕತೆ ಸುಧಾರಿಸುತ್ತದೆ ಎಂದು ಸಾಹೇಬರು ಭಾಷಣ ಮಾಡುತ್ತಿದ್ದರು. ನಮ್ಮ ಮನೆಗೆ ಸೇರಿದ ಮೊದಲ ಸುಧಾರಣೆ ಆ ಪ್ಯಾಂಟು.

ಲಿಂಗಸುಗೂರಿನ ಗೋಡೆ

ನಮ್ಮೂರಲ್ಲಿ ತಂಗಲು ಜಾಗವಿಲ್ಲ. ಹೀಗಾಗಿ ಕೆಲವರು ಲಿಂಗಸುಗೂರಿನ ಒಂದು ಲಾಡ್ಜಿನಲ್ಲಿ ಇಳಿದುಕೊಳ್ಳುತ್ತಿದ್ದರು. ಅದರ ಮಾಲೀಕರಿಗೂ ಹುರುಪು ಬಂದು, ಹೊರಗೋಡೆಯ ಮೇಲೆ ಹಕ್ಕಿ ಬರೆಯಿರಿ ಎಂದು ಪೇಂಟರನಿಗೆ ಹೇಳಿದರು. ಅವನು ನವಿಲು ಬರೆದ, ಗಿಣಿ ಬರೆದ. ಇನ್ನೂ ಗೋಡೆ ಉಳಿದಿತ್ತು. ಅಲ್ಲಿ ಎರಡು ಪೆಂಗ್ವಿನ್ ಬರೆದ.

ತಂಡದಲ್ಲಿದ್ದ ಡಾಕ್ಟರಮ್ಮ ಅದನ್ನು ನೋಡಿ ನಕ್ಕು, ತಮ್ಮನ್ನು ಕೆರೆಗೆ ಕರೆತರುವ ಮಸ್ಕಿಯ ಟಂಟಂ ಆಟೋ ಡ್ರೈವರನನ್ನು ತಮಾಷೆಗೆ ಕೇಳಿದರು: "ಏನಪ್ಪಾ, ಈ ಹಕ್ಕಿ ನಿಮ್ಮ ಕೆರೆಗೆ ಬರುತ್ತಾ?"

ಡ್ರೈವರ್ ಹಿಂದೆ ಮುಂದೆ ನೋಡದೆ ಗಂಭೀರವಾಗಿ ಹೇಳಿದ: "ಬರ್ತಾವ್ರೀ ಮೇಡಂ. ಆದ್ರ ಈಗ ಅಲ್ಲ, ಸಂಕ್ರಾಂತಿ ಮುಂದ ಚಳಿ ಜೋರ್ ಬಿದ್ದಾಗ. ನೀವು ಆವಾಗಿನ ಬಾಡಿಗಿ ಈಗ ಬುಕ್ ಮಾಡಿ ಹೋಗ್ರಿ. ಆಮ್ಯಾಲ ಗಾಡಿ ಸಿಗಂಗಿಲ್ಲ."

ಹೊಸ ಬೆದರುಗೊಂಬೆ

ಸಾಹೇಬರ ತಂಡದಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದರು. ಭಾರಿ ತಪಸ್ವಿ. ಮೈತುಂಬ ಹಸಿರು ಬಟ್ಟೆ, ತಲೆ ಮೇಲೆ ಹುಲ್ಲು ಸಿಕ್ಕಿಸಿದ ಟೋಪಿ. ಬೆಳಕು ಹರಿಯುವ ಮೊದಲೇ ಒಂದು ನೆಲ್ಲು ಗದ್ದೆಯ ಬದುವಿನ ಮೇಲೆ ಸ್ಟೂಲ್ ಹಾಕಿ ಕೂತುಬಿಡುತ್ತಿದ್ದರು. ಮೂರು ದಿನ ಹಾಗೆ ಕೂತರು. ರೆಪ್ಪೆ ಬಿಟ್ಟರೆ ಬೇರೇನೂ ಅಲುಗಾಡಿಸಲಿಲ್ಲ. ಒಂದು ಹಕ್ಕಿಯೂ ಹತ್ತಿರ ಸುಳಿಯಲಿಲ್ಲ.

ಮೂರನೇ ದಿನ ಆ ಗದ್ದೆಯ ಮುದುಕ ರೈತರು ನನ್ನಲ್ಲಿಗೆ ಬಂದು ಚಹಾ ಕುಡಿದು, ಗುಟ್ಟು ಹೇಳುವ ಹಾಗೆ ಕೇಳಿದರು.

"ತಂಗೀ, ನನ್ನ ಹೊಲದಾಗ ಆ ಬೆದರುಗೊಂಬಿ ಯಾರು ನಿಂದರಿಸ್ಯಾರ? ಮೂರು ದಿನ ಆತು, ಒಂದು ಗುಬ್ಬಿನೂ ಇಳಿದಿಲ್ಲ!"

"ಮಾಮಾ, ಅದು ಗೊಂಬಿ ಅಲ್ಲ. ಫೋಟೋ ತೆಗಿಯೋ ಮನಿಷ್ಯಾ" ಎಂದೆ.

ಮುದುಕರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ತಮ್ಮ ಹೊಲಕ್ಕೆ ಕೇಳದೆ ನುಗ್ಗಿದ್ದಕ್ಕೆ ಜಗಳ ತೆಗೆಯುತ್ತಾರೇನೋ, ಇದೊಂದು ಬಾಕಿ ಇತ್ತು ಎಂದು ನಾನೂ ಹಿಂದೆಯೇ ಓಡಿದೆ. ಹೋಗಿ ನೋಡಿದರೆ ಮುದುಕರು ಫೋಟೋಗ್ರಾಫರ್ ಮುಂದೆ ಕೈಮುಗಿದು ನಿಂತಿದ್ದಾರೆ.

"ಸಾಹೇಬ್ರ, ದಿನಾ ಕೂಲಿ ಕೊಡ್ತೀನಿ, ಮಧ್ಯಾಹ್ನ ಬುತ್ತಿ ತರ್ತೀನಿ. ಸುಗ್ಗಿ ಮುಗಿಯೂ ತನಕ ನೀವು ಎಲ್ಲೂ ಹೋಗಬ್ಯಾಡ್ರಿ."

ಉಣ್ಣುವ ಊರು, ಮಲಗುವ ಊರು

ಹನ್ನೆರಡು ಮಂದಿಯ ತಂಡ ಇಪ್ಪತ್ತಾಯಿತು. ನಮ್ಮೂರಿಗೆ ಗಾಡಿ ಬರುವುದು ನೋಡಿ ಪಕ್ಕದೂರಿನವರ ಕಣ್ಣು ಕೆಂಪಾದವು. ಹತ್ತು ಮಂದಿ ಟ್ರ್ಯಾಕ್ಟರಿನಲ್ಲಿ ಬಂದು ನನ್ನ ಖಾನಾವಳಿಯಲ್ಲೇ ಪಂಚಾಯಿತಿ ಹೂಡಿದರು.

"ನಿಮ್ಮ ಹೆಬ್ಬಾತು ಉಣ್ಣೂದು ನಮ್ಮ ಗದ್ದ್ಯಾಗ, ಮಲಗೂದು ನಿಮ್ಮ ಕೆರ್ಯಾಗ" ಎಂದು ಅವರ ಹಿರಿಯರು ಶುರು ಮಾಡಿದರು. "ನೆಲ್ಲು ಹೋಗೂದು ನಮ್ದು, ಹೆಸರು ಬರೂದು ನಿಮಗ. ಇದು ಯಾವ ಇನ್ಸಾಫ್?"

"ನಾವೇನು ಹೆಬ್ಬಾತಿಗೆ ಬುತ್ತಿ ಕಟ್ಟಿ ಕಳಸಬೇಕೇನು?" ಎಂದು ನಮ್ಮ ಗೌಡರು ಎದ್ದರು.

"ಬುತ್ತಿ ಕಟ್ರಿ, ಇಲ್ಲಾಂದ್ರ ಗಿರಾಕಿ ಹಂಚಿಕೊಡ್ರಿ!"

ಚಹಾ ಮೂರು ಸುತ್ತಾಯಿತು. ಕೊನೆಗೆ ಒಪ್ಪಂದವಾಯಿತು. ಹಕ್ಕಿ ಮಲಗುವುದನ್ನು ನಮ್ಮೂರಲ್ಲಿ ನೋಡುವುದು, ಉಣ್ಣುವುದನ್ನು ಅವರೂರಲ್ಲಿ ನೋಡುವುದು. ಹಾಗೆಯೇ ಅತಿಥಿಗಳ ನಾಷ್ಟಾ ನನ್ನಲ್ಲಿ, ಮಧ್ಯಾಹ್ನದ ಊಟ ಅವರೂರಲ್ಲಿ. ನನ್ನನ್ನು ಒಂದು ಮಾತು ಕೇಳದೆ ನನ್ನ ಊಟವನ್ನೇ ಹಂಚಿದ್ದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ನಾಲ್ಕನೇ ಸುತ್ತಿನ ಚಹಾಕ್ಕೆ ಸಕ್ಕರೆಯನ್ನೇ ಹಾಕಲಿಲ್ಲ.

ಮರುದಿನ ಅದೇ ಹಿರಿಯರು ತಲೆ ಕೆರೆಯುತ್ತಾ ಒಬ್ಬರೇ ಬಂದರು.

"ತಂಗೀ, ನಮ್ಮೂರಾಗ ಖಾನಾವಳಿ ಇಲ್ಲ. ನಮ್ಮ ಮನ್ಯಾಗ ಹೇಳಿದ್ರ, ಇಪ್ಪತ್ತು ಮಂದೀಗೆ ನೀವ ಅಡಿಗಿ ಮಾಡ್ರಿ ಅಂತ ಸವುಟು ಕೊಟ್ಟಾರ. ಆ ಮಧ್ಯಾಹ್ನದ ಊಟ ಐತಲ್ಲ, ಅದನ್ನೂ ನೀನ ಮಾಡಿ ತಂದು ಕೊಡು. ಟ್ರ್ಯಾಕ್ಟರ್ ನಾ ಕಳಸ್ತೀನಿ."

ಆವತ್ತಿನಿಂದ ಹೆಬ್ಬಾತಿನ ಹಾಗೆ ನಾನೂ ಟ್ರ್ಯಾಕ್ಟರಿನಲ್ಲಿ ಆ ಊರಿಗೆ ಹೋಗಿ ಬರುತ್ತೇನೆ.

ಸಪ್ಪಳವಿಲ್ಲದ ಬೆಳಗು

ಇಷ್ಟೆಲ್ಲಾ ನಡೆದರೂ ನಿಜವಾದ ಮಾತು ಹಾಗೇ ಉಳಿದಿತ್ತು: ಹೆಬ್ಬಾತುಗಳನ್ನು ಹತ್ತಿರದಿಂದ, ನಿಶ್ಚಿಂತೆಯಾಗಿ ಸಾಹೇಬರ ತಂಡ ಒಮ್ಮೆಯೂ ನೋಡಿರಲಿಲ್ಲ. ಜನವರಿಯಲ್ಲಿ ಸಾಹೇಬರು ಫೋನ್ ಮಾಡಿದರು.

"ಅಕ್ಕ, ಇದು ಕೊನೇ ಸಲ. ಈ ಬಾರಿಯೂ ಹಕ್ಕಿ ಸಿಗದಿದ್ದರೆ ಮುಕ್ಕುಂದದ ಕಡೆ ಹೊಳೆ ದಂಡೆಗೆ ಹೋಗ್ತೀವಿ. ನಮ್ಮವರು ಇನ್ನು ನನ್ನ ಮಾತು ಕೇಳಲ್ಲ."

ಫೋನಿಟ್ಟು ಅಟ್ಟ ಹತ್ತಿ ಬೀಗ ಎಲ್ಲಿದೆ ಎಂದು ನೋಡಿ ಬಂದೆ. ಮೊಣಕಾಲು ಆಗಲೇ ನೋಯತೊಡಗಿತ್ತು.

ಸಾಹೇಬರು ಹಿಂದಿನ ಸಂಜೆಯೇ ಬಂದು ಕಾನೂನು ಹಾಕಿದರು. ಹಲಗಿ ಇಲ್ಲ, ಪಟಾಕಿ ಇಲ್ಲ, ಭಾಷಣ ಇಲ್ಲ. ಗುಡಿಯ ಮೈಕು ಬಂದ್. ಟ್ರ್ಯಾಕ್ಟರ್ ಏಳರ ತನಕ ಚಾಲೂ ಮಾಡುವಂತಿಲ್ಲ. ನಮ್ಮ ಮನೆಯವರ ಬಾಯಲ್ಲಿ ಎಲೆ ಅಡಿಕೆ, ಕೈ ಜೇಬಿನಲ್ಲಿ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಅಕ್ಕ, ನೀವು ಬೆಳಿಗ್ಗೆ ರೊಟ್ಟಿ ಬಡೀತೀರಲ್ಲ, ಆ ಸದ್ದೂ ಬೇಡ."

ನಾನು ಈ ಮನೆಗೆ ಬಂದಾಗಿನಿಂದ ಬೆಳಗಿನ ಐದೂವರೆಗೆ ಕೈ ರೊಟ್ಟಿಯ ಮೇಲೆ ಬೀಳದ ದಿನವಿಲ್ಲ. ಜ್ವರ ಬಂದಾಗಲೂ ಬಡಿದಿದ್ದೇನೆ. ಆದರೂ ಖಾನಾವಳಿ ಉಳಿಯಲಿ ಎಂದು ತಲೆಯಾಡಿಸಿ, ಮರುದಿನ ಗೋಧಿ ಹಿಟ್ಟು ಕಲಸಿ ಲಟ್ಟಣಿಗೆಯಲ್ಲಿ ಚಪಾತಿ ಲಟ್ಟಿಸಿದೆ. ಕಳ್ಳತನ ಮಾಡಿದ ಹಾಗೆ ಅನಿಸುತ್ತಿತ್ತು.

ಊರಿಗೆ ಊರೇ ಗಪ್ ಚುಪ್. ಮಸುಕು ಬೆಳಕಿನಲ್ಲಿ ಹೆಬ್ಬಾತುಗಳು ದಂಡೆಗೆ ಹತ್ತಿಕೊಂಡೇ ಕೂತಿದ್ದವು, ಹಿಂದೆಂದೂ ಇಲ್ಲದಷ್ಟು ಹತ್ತಿರ. ಇಪ್ಪತ್ತು ಮಂದಿ ಹೊಟ್ಟೆಯ ಮೇಲೆ ಮಲಗಿ ಕ್ಯಾಮೆರಾ ಹಿಡಿದಿದ್ದರು. ಅಷ್ಟರಲ್ಲಿ ಒಂದು ಹೆಬ್ಬಾತು ಕತ್ತೆತ್ತಿತು. ಅದರ ಪಕ್ಕದ್ದೂ ಎತ್ತಿತು. ನೋಡನೋಡುತ್ತಾ ಸಾವಿರ ಕತ್ತುಗಳು ಎದ್ದು ನಿಂತು ನನ್ನ ಖಾನಾವಳಿಯ ಕಡೆಗೇ ನೋಡತೊಡಗಿದವು. ಒಂದು ಕೂಗಿತು. ಎಲ್ಲವೂ ಹಾರಿಹೋದವು.

ಕೆಮ್ಮಿದವರಿಲ್ಲ, ಸೀನಿದವರಿಲ್ಲ. ಸಾಹೇಬರು ಎದ್ದು ಮೊಣಕೈ ಮಣ್ಣು ಒರೆಸಿಕೊಳ್ಳುತ್ತಾ ಬಂದು, "ಆಯ್ತು ಅಕ್ಕ, ನಮ್ಮ ಋಣ ಇಷ್ಟೇ" ಎಂದರು.

ಆಗ ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

"ಹೋಗ್ರಿ ಸಾಹೇಬ್ರ, ಹೋಗ್ರಿ! ನಿಮ್ಮ ಮಾತು ಕೇಳಿ ಹಕ್ಕಿನೂ ಹೋದವು, ನನ್ನ ರೊಟ್ಟಿನೂ ಹೋತು. ಈ ಚಪಾತಿ ಒಯ್ದು ಹೊಳಿ ದಂಡ್ಯಾಗ ತಿನ್ರಿ. ನಾ ನನ್ನ ರೊಟ್ಟಿ ಮಾಡ್ಕೊಂಡು ತಿಂತೀನಿ!"

ಜೋಳದ ಹಿಟ್ಟಿಗೆ ಎಸರು ಸುರಿದು, ಮಿದ್ದು, ಬಡಿಯಲು ಕೂತೆ. ಆ ಸಿಟ್ಟಿಗೆ ತಗಡಿನ ಮನೆ ಗಡಗಡ ಅನ್ನುತ್ತಿತ್ತು. ಪಟ ಪಟ ಪಟ ಪಟ. ಎರಡನೇ ರೊಟ್ಟಿ ಹಂಚಿಗೆ ಹಾಕುವಷ್ಟರಲ್ಲಿ ಹೊರಗೆ ರೆಕ್ಕೆ ಸಪ್ಪಳ. ಹೆಬ್ಬಾತುಗಳು ಒಂದು ಸುತ್ತು ಹಾಕಿ, ಕಾಲು ಮುಂದೆ ಚಾಚಿ, ಒಂದರ ಹಿಂದೆ ಒಂದು ಕೆರೆಗೆ ಇಳಿದವು. ನನಗೇ ನಂಬಿಕೆ ಬರದೆ ಕೈ ನಿಲ್ಲಿಸಿ ನೋಡಿದೆ. ಸಾವಿರ ಕತ್ತು ಮತ್ತೆ ಮೇಲೆ!

ಸಾಹೇಬರು ಬಗ್ಗಿಕೊಂಡು ಒಳಗೆ ಓಡಿ ಬಂದು ಪಿಸುಗುಟ್ಟಿದರು: "ಅಕ್ಕಾ, ನಿಲ್ಲಿಸಬೇಡಿ! ನಿಮ್ಮ ದಮ್ಮಯ್ಯ, ಬಡೀರಿ!"

ಬಡಿದೆ. ಕತ್ತುಗಳು ಇಳಿದವು. ಒಂದು ತಾಸು ಬಡಿದೆ. ಹಿಟ್ಟು ಮುಗಿಯಿತು. ಹಿಟ್ಟಿಗೆಂದು ಟಂಟಂ ಬಳಗಾನೂರಿನ ಗಿರಣಿಗೆ ಓಡಿತು. ಅದು ಬರುವ ತನಕ ಸಾಹೇಬರು ತಾವೇ ಕೂತು ರೊಟ್ಟಿ ಬಡಿಯುವ ಬರೀ ಕಲ್ಲಿನ ಮೇಲೆ ಅಂಗೈ ಬಡಿದರು. ಹೊರಗಿನಿಂದ ಡಾಕ್ಟರಮ್ಮ ಕಿಟಕಿಗೆ ಬಂದು, "ಸರ್, ನಿಮ್ಮ ತಾಳ ತಪ್ತಿದೆ, ಮುಂದಿನ ಸಾಲಿನವು ಕತ್ತೆತ್ತಿವೆ" ಎಂದು ವರದಿ ಕೊಟ್ಟು ಹೋದರು. ನಾನು ಸಾಹೇಬರ ಮಣಿಕಟ್ಟು ಹಿಡಿದು ರೊಟ್ಟಿ ತಿರುವುವ ವರಸೆ ಕಲಿಸಿದೆ.

ಇದೇನು ಮಾಯೆ ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ನಮ್ಮ ಮನೆಯವರು ಎಲೆ ಅಡಿಕೆ ಉಗುಳಿ ಬಂದು ನಾಚುತ್ತಾ ಬಾಯಿ ಬಿಟ್ಟರು.

"ಅದು ಹಿಂಗ ಐತಿ ಸಾಹೇಬ್ರ. ಇಕಿ ರೊಟ್ಟಿ ಬಡಿಯಾಕತ್ತ್ಯಾಳ ಅಂದ್ರ ನಾ ಒಳಗ ಉಣ್ಣಾಕತ್ತೀನಿ ಅಂತ ಅರ್ಥ. ರೊಟ್ಟಿ ಸಪ್ಪಳ ನಿಂತಿತಂದ್ರ ನಾ ಕೈತೊಳಕೊಂಡು ಕವಣಿ ಹಿಡಕೊಂಡು ಹೊರಗ ಬರ್ತೀನಿ. ಇಪ್ಪತ್ತು ವರ್ಷದಿಂದ ಹಿಂಗ ಐತಿ. ಹಕ್ಕಿಗೆ ಅಷ್ಟೂ ಗೊತ್ತಾಗಂಗಿಲ್ಲೇನು?"

ಆ ದಿನ ಇಪ್ಪತ್ತು ಮಂದಿಯೂ ಹೆಬ್ಬಾತುಗಳ ಕಣ್ಣಿನ ಬಣ್ಣ ಕಾಣುವಷ್ಟು ಹತ್ತಿರದಿಂದ ಫೋಟೋ ತೆಗೆದರು. ರೊಟ್ಟಿಯ ಗುಡ್ಡ ಸೊಂಟದೆತ್ತರ ಆಗಿತ್ತು. ತಿಂದಷ್ಟು ತಿಂದು, ಉಳಿದದ್ದನ್ನು ಕ್ಯಾಮೆರಾ ಚೀಲಗಳಲ್ಲೂ ತುಂಬಿಕೊಂಡು ಹೋದರು.

ಈಗ ಪ್ರತಿ ನವೆಂಬರಿನಲ್ಲಿ ಸಾಹೇಬರ ಫೋನ್ ಬರುತ್ತದೆ. ಹಕ್ಕಿ ಬಂದವೇ ಎಂದು ಕೇಳುವುದಿಲ್ಲ. "ಅಕ್ಕ, ಹಿಟ್ಟು ಬೀಸಿಸಿದ್ರಾ?" ಎಂದು ಕೇಳುತ್ತಾರೆ. ಬೀಗ ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿದೆ. ನಮ್ಮ ಮನೆಯವರನ್ನು ಗೈಡ್ ಕೆಲಸದಿಂದ ತೆಗೆದು ಅದಕ್ಕಿಂತ ದೊಡ್ಡ ಹುದ್ದೆ ಕೊಟ್ಟಿದ್ದಾರೆ. ಹಕ್ಕಿಗಳಿಗೆ ಯಾವ ಅನುಮಾನವೂ ಬರಬಾರದು ಎಂದು, ತಂಡ ದಂಡೆಯ ಮೇಲಿರುವ ತನಕ ಅವರು ಖಾನಾವಳಿಯ ಬಾಗಿಲಲ್ಲಿ, ಹಕ್ಕಿಗಳಿಗೆ ಕಾಣುವ ಹಾಗೆ ಕೂತು ಉಣ್ಣುತ್ತಲೇ ಇರಬೇಕು. ಅದಕ್ಕೆ ದಿನಗೂಲಿ ಬೇರೆ.

ಮೊನ್ನೆ ಮತ್ತೆ ಸಿಂಧನೂರಿಗೆ ಹೋಗಿ ಬಂದೆವು. ಹಳೇ ಪ್ಯಾಂಟು ಸೊಂಟಕ್ಕೆ ಏರುತ್ತಿಲ್ಲ.